ಮೊದಲ ಪವರ್ ಕೈಟ್ ಯಾವುದು ಕೊಳ್ಳಲಿ? ಗೋವಾದಲ್ಲಿ ಕೈಟ್‌ಸರ್ಫಿಂಗ್ ಕಲಿಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಂಕೋಲಾ ಕಡೆಯವನು. 11 ವರ್ಷದಿಂದ ಮಾಪ್ಸಾದಲ್ಲಿ ಕೆಲಸ. ರಜೆ ಸಿಕ್ಕ ಮಧ್ಯಾಹ್ನ ಸಿಯೋಲಿಮ್ ಸೇತುವೆ ದಾಟಿ ಮೋರ್ಜಿಮ್ ಮರಳಿಗೆ ಹೋಗುತ್ತೇನೆ. ಅಲ್ಲಿ ಕೈಟ್ ಬಿಚ್ಚಿ ಕೂತರೆ ಸಾಕು, ವಾಸ್ಕೋದಿಂದಲೋ ಬೆಳಗಾವಿಯಿಂದಲೋ ಬಂದವರು ಯಾರಾದರೂ ಕನ್ನಡದಲ್ಲಿ ಮಾತಾಡಿಸುತ್ತಾರೆ. "ಅಣ್ಣಾ, ಇದು ಎಲ್ಲಿ ಸಿಗುತ್ತೆ? ನಾನೂ ಕಲೀಬಹುದಾ?" ಆ ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ.

ಪವರ್ ಕೈಟ್ ಅಂದರೆ ಏನು? ನಮ್ಮ ಗಾಳಿಪಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಗಾಳಿಪಟವನ್ನು ನಾವು ಮೇಲೆ ಕಳಿಸುತ್ತೇವೆ. ಪವರ್ ಕೈಟ್ ನಮ್ಮನ್ನು ಎಳೆಯುತ್ತದೆ. ಆ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಓಡುವುದೇ ಕೈಟ್‌ಸರ್ಫಿಂಗ್. ಇದಕ್ಕೆ ಬಿದಿರು ಕಡ್ಡಿ ಇಲ್ಲ, ಕಾಗದ ಇಲ್ಲ. ಪ್ಯಾರಾಗ್ಲೈಡರ್ ಬಟ್ಟೆಯಂಥ ಬಟ್ಟೆಯಲ್ಲಿ ಉದ್ದುದ್ದ ಚೀಲಗಳನ್ನು ಪಕ್ಕಪಕ್ಕ ಹೊಲಿದಿರುತ್ತಾರೆ. ಮುಂದಿನ ಬಾಯಿಂದ ಗಾಳಿ ಹೊಕ್ಕು ಚೀಲ ಉಬ್ಬಿದಾಗ ಅದು ರೆಕ್ಕೆಯ ಆಕಾರ ಪಡೆಯುತ್ತದೆ. ಇದನ್ನು ಫಾಯಿಲ್ ಅನ್ನುತ್ತಾರೆ. ಕಲಿಯಲಿಕ್ಕೆಂದೇ ಮಾಡಿದ ಚಿಕ್ಕ ಫಾಯಿಲ್‌ಗೆ ಟ್ರೈನರ್ ಕೈಟ್ ಎಂಬ ಹೆಸರಿದೆ.

ಧಾರವಾಡದಿಂದ ಬಂದಿದ್ದ ಅಕ್ಕನ ಮಗ ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ. "ಮಾಮಾ, ಇದಕ್ಕ ಬಾಲಂಗೋಚಿ ಇಲ್ಲಲ್ಲ?" ಒಳ್ಳೆಯ ಪ್ರಶ್ನೆ. ಪಟ ಅಲ್ಲಾಡದೆ ನಿಲ್ಲಲಿ ಅಂತ ನಾವು ಬಾಲಂಗೋಚಿ ಕಟ್ಟುತ್ತೇವೆ. ಪವರ್ ಕೈಟ್ ಒಂದೇ ಕಡೆ ನಿಲ್ಲಬೇಕಿಲ್ಲ, ಓಡಬೇಕು. ಅದು ಆಕಾಶದಲ್ಲಿ ಓಡಿದಷ್ಟೂ ಎಳೆತ ಜಾಸ್ತಿ. ಆದರೆ ಸೂತ್ರ ಇದಕ್ಕೂ ಇದೆ. ಬಟ್ಟೆಯ ಕೆಳಗೆ ಹತ್ತಾರು ಸಣ್ಣ ದಾರಗಳ ಸೂತ್ರ.

ನೇರವಾಗಿ ಕ್ಲಾಸಿಗೇ ಸೇರಬಹುದಲ್ವಾ? ಇದಕ್ಕೆ ಯಾಕೆ ದುಡ್ಡು ಹಾಕಬೇಕು?

ಸೇರಬಹುದು. ಎಷ್ಟೋ ಜನ ಹಾಗೆಯೇ ಕಲಿತಿದ್ದಾರೆ. ಆದರೆ ಕೈಟ್‌ಸರ್ಫಿಂಗ್ ಕ್ಲಾಸಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ. ಸಾಮಾನ್ಯವಾಗಿ 9ರಿಂದ 12 ಗಂಟೆಯ ಪಾಠ. ಅದರ ಮೊದಲ ಭಾಗ ಹೋಗುವುದು ಕೈಟ್ ಹಾರಿಸುವುದನ್ನು ಕಲಿಯುವುದರಲ್ಲೇ. ಅದನ್ನು ಮರಳಿನ ಮೇಲೆ ನಿಮ್ಮ ಪಾಡಿಗೆ ನೀವು ಮೊದಲೇ ಕಲಿತಿದ್ದರೆ, ನೀರಿಗೆ ಇಳಿದಾಗ ಗಮನವೆಲ್ಲ ಬೋರ್ಡ್ ಮತ್ತು ಅಲೆಯ ಮೇಲೆ ಇರುತ್ತದೆ. ಕಣ್ಣು ಆಕಾಶಕ್ಕೆ ಅಂಟಿಕೊಂಡವನಿಗೆ ಕಾಲ ಕೆಳಗಿನ ಅಲೆ ಕಾಣುವುದಿಲ್ಲ.

ಟ್ರೈನರ್ ಇದೆ ಅಂತ ಕ್ಲಾಸ್ ಬಿಡಬೇಡಿ. ನೀರಿನಲ್ಲಿ ಕೈಟನ್ನು ಮತ್ತೆ ಎಬ್ಬಿಸುವುದು, ಬೋರ್ಡ್ ಕೈತಪ್ಪಿದರೆ ದಡ ಸೇರುವುದು, ತುರ್ತಿನಲ್ಲಿ ಎಲ್ಲ ಕಳಚಿಕೊಳ್ಳುವುದು, ಇವನ್ನೆಲ್ಲ ಗುರು ಪಕ್ಕದಲ್ಲಿ ನಿಂತೇ ಹೇಳಿಕೊಡಬೇಕು.

ಎಷ್ಟು ದೊಡ್ಡದು ತಗೊಳ್ಳಲಿ?

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಕೇಳಿ ಅತಿ ಹೆಚ್ಚು ಜನ ಮುಖ ಸಪ್ಪೆ ಮಾಡಿಕೊಳ್ಳುವುದೂ ಇಲ್ಲೇ. ಚಿಕ್ಕದು ತಗೊಳ್ಳಿ. ನಿಮ್ಮ ತೂಕ 50ರಿಂದ 75 ಕೆ.ಜಿ. ಇದ್ದರೆ 2 ಚದರ ಮೀಟರ್ ಸಾಕು. ಅದಕ್ಕಿಂತ ಹಗುರ ಇದ್ದರೆ 1.5. ದೊಡ್ಡ ಆಳಾಗಿದ್ದರೆ 2.5, ತೀರಾ ಅಂದರೆ 3.

"ಹೇಗೂ ತಗೊಳ್ತೀನಿ, ದೊಡ್ಡದೇ ಇರಲಿ, ಮುಂದೆ ಉಪಯೋಗಕ್ಕೆ ಬರುತ್ತೆ." ಮಕ್ಕಳಿಗೆ ಚಪ್ಪಲಿ ಕೊಳ್ಳುವಾಗ ಈ ಲೆಕ್ಕ ಸರಿ. ಇಲ್ಲಿ ತಪ್ಪು. ನಾನೂ ಅದೇ ಲೆಕ್ಕ ಹಾಕಿ, ಬೇರೆ ಊರಿನ ಒಬ್ಬರಿಂದ 3.5 ಚದರ ಮೀಟರಿನ (ಮಾತಿನಲ್ಲಿ ಬರೀ ಮೀಟರ್ ಅನ್ನುತ್ತೇವೆ) ಹಳೆಯ ಕೈಟ್ ತರಿಸಿದ್ದೆ. ಮಾರಿದವರು "ಆರಾಮಾಗಿ ಹಾರುತ್ತೆ, ಕಲಿಯೋಕೆ ಒಳ್ಳೇದು" ಅಂದಿದ್ದರು. ಮಾರ್ಚ್ ತಿಂಗಳು, ಅಶ್ವೇಮ್ ದಂಡೆ, ಮಧ್ಯಾಹ್ನ ಮೂರೂವರೆ. ಕೈಟ್ ನೆತ್ತಿಯ ಮೇಲೆ ನಿಂತಿತ್ತು. ನಾನು ಬಲಗಡೆ ಸ್ವಲ್ಪ ಜಗ್ಗಿದೆ. ಅದು ಸರ್ರನೆ ಕೆಳಗೆ ಧುಮುಕಿತು. ನಾಲ್ಕೈದು ಹೆಜ್ಜೆ ಓಡಿದೆ, ಆಮೇಲೆ ಕಾಲು ನೆಲಕ್ಕೆ ಸಿಗಲಿಲ್ಲ. ಮುಖ ಅಡಿಯಾಗಿ ಬಿದ್ದು ಮರಳಿನ ಮೇಲೆ ಎಳೆಸಿಕೊಂಡು ಹೋದೆ. ಎರಡೂ ಮೊಣಕಾಲು ತರಚಿತ್ತು, ಬಾಯಿ ತುಂಬ ಮರಳು.

ಇಷ್ಟಾದರೂ ನಾನು ಹ್ಯಾಂಡಲ್ ಬಿಟ್ಟಿರಲಿಲ್ಲ. ಬಿಡು ಅಂತ ತಲೆ ಹೇಳುತ್ತಿತ್ತು, ಬೆರಳು ಕೇಳಲಿಲ್ಲ. ಹೆದರಿದಾಗ ಮನುಷ್ಯನ ಕೈ ಇನ್ನಷ್ಟು ಬಿಗಿ ಹಿಡಿಯುತ್ತದೆ. ಕೈಟ್ ಹಾರಿಸುವವರು ಮೊದಲು ಕಲಿಯಬೇಕಾದದ್ದು ಈ ಹಿಡಿತ ಬಿಡುವುದನ್ನು. ಯಾವ ಕೈಟ್ ಅದನ್ನು ನೂರು ಸಲ ನಿರಾಳವಾಗಿ ಅಭ್ಯಾಸ ಮಾಡಲು ಬಿಡುತ್ತದೋ ಅದೇ ಒಳ್ಳೆಯ ಮೊದಲ ಕೈಟ್. ಮುಂದಿನ ಉತ್ತರಗಳನ್ನೆಲ್ಲ ನಾನು ಕೊಡುವುದು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು.

ಚಿಕ್ಕ ಕೈಟ್ ಬೇಗ ತಿರುಗುತ್ತದೆ, ತಪ್ಪನ್ನು ತಕ್ಷಣ ತೋರಿಸುತ್ತದೆ. 2 ಮೀಟರಿನದನ್ನು ಹತೋಟಿಗೆ ತಂದವರಿಗೆ ಕ್ಲಾಸಿನಲ್ಲಿ ಕೊಡುವ 9 ಅಥವಾ 12 ಮೀಟರಿನ ಕೈಟ್ ನಿಧಾನ ಅನ್ನಿಸುತ್ತದೆ.

ಎಷ್ಟು ಗಾಳಿ ಇದ್ದರೆ ಹಾರಿಸಬಹುದು? ಈ ನಾಟ್ ಲೆಕ್ಕ ತಲೆಗೆ ಹೋಗುವುದಿಲ್ಲ.

1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಸುಮ್ನೆ ಹೆಚ್ಚುಕಡಿಮೆ ಎರಡು ಪಟ್ಟು ಅಂದುಕೊಳ್ಳಿ. ಕಲಿಯುವವರಿಗೆ 8ರಿಂದ 12 ನಾಟ್ ಚೆನ್ನ, ಅಂದರೆ ಗಂಟೆಗೆ 15ರಿಂದ 22 ಕಿ.ಮೀ. 15 ನಾಟ್ ದಾಟಿದರೆ ಹೊಸಬರು ಕೈಟ್ ಮಡಚಿಡಬೇಕು.

ಇಲ್ಲಿ ಒಂದು ಲೆಕ್ಕ ಮಾತ್ರ ನೆನಪಿಟ್ಟುಕೊಳ್ಳಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. 10 ನಾಟ್ ಇದ್ದದ್ದು 14 ಆದರೆ ಮೈಗೆ ಅಂಥ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಎಳೆತ ಹತ್ತಿರ ಹತ್ತಿರ ದುಪ್ಪಟ್ಟು. ಜೊತೆಗೆ 2 ಮೀಟರ್ ಬದಲು 3 ಮೀಟರ್ ಹಿಡಿದಿದ್ದರೆ ಅದು ಮೂರು ಪಟ್ಟು. ಅಶ್ವೇಮ್‌ನಲ್ಲಿ ನನಗಾದದ್ದು ಇದೇ. ಒಂದು ಗಂಟೆಗೆ ಹೊರಟಾಗ ಇದ್ದ ಗಾಳಿ ನೋಡಿ ಧೈರ್ಯ ಮಾಡಿದ್ದೆ, ಮೂರೂವರೆಯ ಗಾಳಿ ಬೇರೆ ಇತ್ತು.

ಗಾಳಿ ಅಳೆಯುವ ಪುಟ್ಟ ಯಂತ್ರ ಸಿಗುತ್ತದೆ, ಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಸಮುದ್ರ ನೋಡಿ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಏಳಲು ಶುರುವಾದರೆ 7ರಿಂದ 10 ನಾಟ್. ಎಲ್ಲಿ ನೋಡಿದರೂ ಬಿಳಿ ನೊರೆ ಕಂಡರೆ 11 ದಾಟಿದೆ ಅಂತ ಅರ್ಥ.

ಬಾರ್ ಬೇಕಾ, ಹ್ಯಾಂಡಲ್ ಬೇಕಾ?

ಕೈಟ್‌ಸರ್ಫಿಂಗ್ ನಿಮ್ಮ ಗುರಿಯಾದರೆ ಬಾರ್. ಬೇರೆ ಯೋಚನೆಯೇ ಬೇಡ. ಬಾರ್ ಅಂದರೆ ಕೈಟಿನ ಉದ್ದ ದಾರಗಳನ್ನು, ಅಂದರೆ ಲೈನ್‌ಗಳನ್ನು, ಕಟ್ಟಿದ ಅಡ್ಡ ಕೋಲು. ಎರಡೂ ಕೈಯಲ್ಲಿ ಹಿಡಿಯುತ್ತೇವೆ. ನೀರಿನಲ್ಲಿ ನೀವು ಹಿಡಿಯುವುದು ಬಾರನ್ನೇ. ಕೈಗೆ ಆ ಅಭ್ಯಾಸ ಈಗಲೇ ಆಗಲಿ. ಎರಡು ಕೈಗೆ ಎರಡು ಹ್ಯಾಂಡಲ್ ಇರುವ ಕೈಟ್ ನೆಲದ ಮೇಲೆ ಬಗ್ಗಿ ಎಂಬ ಪುಟ್ಟ ಗಾಡಿಯನ್ನು ಕೈಟಿನ ಎಳೆತದಲ್ಲಿ ಓಡಿಸುವವರಿಗೆ ಚೆನ್ನ. ಮಣಿಕಟ್ಟಿಗೆ ಪಟ್ಟಿ ಮಾತ್ರ ಹಾಕಿಕೊಳ್ಳುವ ಚಿಕ್ಕ ಕೈಟ್‌ಗಳೂ ಇವೆ. ಬೀಚಿನಲ್ಲಿ ಒಂದು ಸಂಜೆ ಮಜಾ ಮಾಡಲು ಅವು ಸರಿ. ಆದರೆ ಪಟ್ಟಿ ಕೈಗೇ ಸುತ್ತಿಕೊಂಡಿರುವುದರಿಂದ ಬೆರಳು ಬಿಚ್ಚಿದ ಮಾತ್ರಕ್ಕೆ ಕೈಟ್ ಬಿಡುವುದಿಲ್ಲ.

ಬಾರ್ ಹಿಡಿದ ಹೊಸಬರು ಸೈಕಲ್ ಹ್ಯಾಂಡಲ್ ತಿರುಗಿಸಿದ ಹಾಗೆ ತಿರುಗಿಸುತ್ತಾರೆ. ಅದು ಹಾಗಲ್ಲ. ಎತ್ತಿನ ಹಗ್ಗ ನೆನಪಿಸಿಕೊಳ್ಳಿ. ಎಡಕ್ಕೆ ಹೋಗಬೇಕೆಂದರೆ ಎಡ ಹಗ್ಗ ನಿಮ್ಮ ಕಡೆ ಜಗ್ಗುತ್ತೀರಿ, ಅಷ್ಟೇ. ಹೊಲ ಉತ್ತ ಮನೆಯಿಂದ ಬಂದ ಒಬ್ಬರಿಗೆ ಇದನ್ನು ಹೇಳಿದೆ. ಐದು ನಿಮಿಷದಲ್ಲಿ ಕೈಟ್ ಅವರ ಮಾತು ಕೇಳುತ್ತಿತ್ತು.

ಇನ್ನೊಂದು ವಿಷಯ. ಟ್ರೈನರ್ ಬಾರನ್ನು ಎದೆಯ ಹತ್ತಿರ ಎಳೆದುಕೊಂಡರೂ ದೂರ ತಳ್ಳಿದರೂ ಎಳೆತ ಬದಲಾಗುವುದಿಲ್ಲ. ನೀರಿನ ಕೈಟ್‌ನಲ್ಲಿ ಬಾರ್ ದೂರ ಹೋದರೆ ಬಲ ಕಡಿಮೆಯಾಗುತ್ತದೆ, ಹತ್ತಿರ ಎಳೆದರೆ ಹೆಚ್ಚುತ್ತದೆ. ಆದ್ದರಿಂದ ಟ್ರೈನರ್ ಹಾರಿಸುವಾಗಲೂ ಬಾರಿಗೆ ನೇತುಬೀಳುವ ಚಾಳಿ ಬೇಡ. ತೋಳು ಸಡಿಲ ಇರಲಿ.

ಎರಡು ಲೈನಾ, ಮೂರಾ, ನಾಲ್ಕಾ?

ಎರಡು ಲೈನಿನದು ಸರಳ, ಅಗ್ಗ, ಸಿಕ್ಕುಬಿದ್ದರೂ ಬೇಗ ಬಿಡಿಸಬಹುದು. ಆದರೆ ಬಾರಿಗೆ ಸೇಫ್ಟಿ ಲೀಶ್ ಇದೆಯಾ ನೋಡಿ. ಇದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ. ಬಾರ್ ಬಿಟ್ಟಾಗ ಕೈಟ್ ಒಂದೇ ಲೈನಿನ ಮೇಲೆ ನಿಂತು, ಗಾಳಿ ಸೋರಿ, ಒಗೆದ ಬಟ್ಟೆಯಂತೆ ಬಡಿದಾಡುತ್ತ ಕೆಳಗೆ ಬೀಳುತ್ತದೆ.

ಮೂರು ಲೈನಿನದರಲ್ಲಿ ಆ ಮೂರನೆಯದು ಇರುವುದೇ ಇದಕ್ಕಾಗಿ. ಬಾರ್ ಬಿಟ್ಟರೆ ಅದು ಕೈಟನ್ನು ಸುಮ್ಮನಾಗಿಸುತ್ತದೆ. ಮೂಗು ನೆಲಕ್ಕೆ ಕೊಟ್ಟು ಬಿದ್ದ ಕೈಟನ್ನು ಹಿಂದಕ್ಕೆ ಎಳೆದು ಮತ್ತೆ ಎಬ್ಬಿಸಲಿಕ್ಕೂ ಬರುತ್ತದೆ. ಪ್ರತಿ ಸಲ ಓಡಿಹೋಗಿ ಕೈಟ್ ತಿರುಗಿಸಿ ಇಟ್ಟು ಬರುವುದು ತಪ್ಪುತ್ತದೆ. ಒಬ್ಬರೇ ಅಭ್ಯಾಸ ಮಾಡುವವರಿಗೆ ಇದು ದೊಡ್ಡ ಉಪಕಾರ. ಕೈಲಾದರೆ ಮೂರು ಲೈನಿನದನ್ನೇ ತಗೊಳ್ಳಿ. ಎಚ್‌ಕ್ಯು ರಶ್, ಪ್ರಿಸಂ ಮೆಂಟರ್ ಈ ಜಾತಿಯವು. ನಾಲ್ಕು ಲೈನ್ ಈಗ ಬೇಡ.

ಪರಿಚಯದವರು ಹಳೆಯ 9 ಮೀಟರಿನ ಸಮುದ್ರದ ಕೈಟ್ ಸುಮ್ಮನೆ ಕೊಡುತ್ತೇನೆ ಅಂದಿದ್ದಾರೆ. ಅದರಲ್ಲೇ ಕಲಿಯಲಾ?

ಬೇಡ. ದಯವಿಟ್ಟು ಬೇಡ. ಪಂಪ್‌ನಿಂದ ಗಾಳಿ ತುಂಬಿಸುವ ಆ ಕೈಟ್ ನೀರಿಗೆಂದು ಮಾಡಿದ್ದು. ಫ್ರಾನ್ಸಿನ ಲೆಗೆನು ಸೋದರರು 1984ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದೇ ನೀರಿನಲ್ಲಿ ಬಿದ್ದರೆ ಮತ್ತೆ ಏಳಲಿ ಅನ್ನುವ ಉದ್ದೇಶಕ್ಕೆ. ನೀರು ಬಿದ್ದವರನ್ನು ಹಿಡಿದುಕೊಳ್ಳುತ್ತದೆ. ನೆಲದ ಮೇಲೆ ಅದೇ ಎಳೆತಕ್ಕೆ ಕಲ್ಲು, ಮರ, ದಂಡೆಯ ಶ್ಯಾಕ್ ಹೋಟೆಲಿನ ಕಂಬ ಎದುರಾಗುತ್ತವೆ. ಹಳೆಯ ಮಾದರಿಗಳಲ್ಲಿ ಬಲ ಪೂರ್ತಿ ಇಳಿಸುವ ವ್ಯವಸ್ಥೆಯೂ ಈಗಿನಷ್ಟು ಚೆನ್ನಾಗಿಲ್ಲ. ಪುಕ್ಕಟೆ ಸಿಕ್ಕಿತು ಅಂತ ಒಬ್ಬರೇ ಹೋಗಿ ಎಬ್ಬಿಸಬೇಡಿ.

ಸೆಕೆಂಡ್ ಹ್ಯಾಂಡ್ ಟ್ರೈನರ್ ಕೊಳ್ಳಬಹುದಾ? ಏನೇನು ನೋಡಬೇಕು?

ಖಂಡಿತ ಕೊಳ್ಳಬಹುದು. ಚೆನ್ನಾಗಿ ಇಟ್ಟುಕೊಂಡ ಟ್ರೈನರ್ ವರ್ಷಗಟ್ಟಲೆ ಬರುತ್ತದೆ. ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಕೈಯಲ್ಲಿ ಹಿಡಿದು ನೋಡಿ.

ಮೊದಲು ಬಟ್ಟೆ. ಹೊಸ ಬಟ್ಟೆ ಹಿಚುಕಿದರೆ ಚಿಪ್ಸ್ ಪೊಟ್ಟಣದಂತೆ ಗರಗರ ಅನ್ನುತ್ತದೆ. ಬಿಸಿಲು ತಿಂದ ಬಟ್ಟೆ ಹಳೆಯ ಲುಂಗಿಯಂತೆ ಮೆತ್ತಗೆ, ಸದ್ದಿಲ್ಲದೆ ಮುದುಡುತ್ತದೆ. ಬಟ್ಟೆಗೆ ಬಾಯಿ ಒತ್ತಿ ಜೋರಾಗಿ ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಅದು ಗಾಳಿ ಹಿಡಿಯುವುದಿಲ್ಲ. ಆಮೇಲೆ ಬೆಳಕಿಗೆ ಎತ್ತಿ ಹಿಡಿದು ಸೂಜಿಮೊನೆಯಂಥ ತೂತು ಹುಡುಕಿ. ಸಣ್ಣ ತೂತಿಗೆ ಅಂಟುಪಟ್ಟಿ ಹಚ್ಚಬಹುದು. ಹೊಲಿಗೆಯೇ ಬಿಟ್ಟಿದ್ದರೆ ಬಿಟ್ಟುಬಿಡಿ.

ಲೈನ್‌ಗಳನ್ನು ಪೂರ್ತಿ ಬಿಚ್ಚಿಸಿ. ಕೈಟ್ ಕಡೆಯ ತುದಿಗಳನ್ನು ಒಂದು ಗೂಟಕ್ಕೆ ಸಿಕ್ಕಿಸಿ, ಬಾರ್ ಹಿಡಿದು ಹಿಂದೆ ಹೋಗಿ ಜಗ್ಗಿ. ಎಡದ ಲೈನೂ ಬಲದ ಲೈನೂ ಒಂದೇ ಉದ್ದ ಇದ್ದರೆ ಬಾರ್ ನೇರ ನಿಲ್ಲುತ್ತದೆ. ಒಂದು ಬೆರಳು ವ್ಯತ್ಯಾಸ ಇದ್ದರೂ ಕೈಟ್ ಒಂದು ಕಡೆಗೇ ಓಡುತ್ತದೆ, ಹೊಸಬರು ತಮ್ಮ ಕೈದೇ ತಪ್ಪು ಅಂದುಕೊಂಡು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಕಣ್ಣು ಮುಚ್ಚಿ ಲೈನನ್ನು ಎರಡು ಬೆರಳ ನಡುವೆ ಜಾರಿಸಿ. ಎಲ್ಲಿ ಒರಟು ತಾಗುತ್ತದೋ ಅಲ್ಲಿ ನಿಂತು ನೋಡಿ. ನಡುವೆ ಗಂಟು ಬಿದ್ದಿದ್ದರೆ ಆ ಲೈನ್ ಬದಲಿಸಬೇಕು, ಏಕೆಂದರೆ ಹರಿಯುವುದು ಅಲ್ಲೇ.

ಕೊನೆಗೆ ಲೀಶ್. ಮಾರುವವರ ಎದುರಿಗೇ ಒಂದು ಸಲ ಹಾರಿಸಿ, ಬಾರ್ ಬಿಟ್ಟು ನೋಡಿ. ಕೈಟ್ ಸುಮ್ಮನಾಗಿ ಬೀಳಬೇಕು. "ಅದೆಲ್ಲ ಬೇಡ ಸರ್, ಸರಿಯಾಗಿದೆ" ಅಂದರೆ ವ್ಯಾಪಾರ ಅಲ್ಲಿಗೇ ಮುಗಿಯಿತು.

ಲೈನ್ ತುಂಡಾದರೆ ಪೇಟೆಯ ನೈಲಾನ್ ದಾರ ಕಟ್ಟಬಹುದಾ?

ಕಟ್ಟಬಾರದು. ಕೈಟ್ ಲೈನ್ ಡೈನೀಮಾ ಎಂಬ ನಾರಿನದು. ಹೆಚ್ಚು ಹಿಗ್ಗುವುದಿಲ್ಲ. ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ, ಬಾರಿನ ಮಾತು ಕೈಟಿಗೆ ತಲುಪುವುದೇ ಇಲ್ಲ. ಮಾಂಜಾದ ಹತ್ತಿರವಂತೂ ಹೋಗಬೇಡಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದ ತುಂಬ ನಿಷೇಧಿಸಿದೆ.

ಡೈನೀಮಾಕ್ಕೂ ಒಂದು ದುರ್ಬಲ ಜಾಗ ಇದೆ. ಅದು ಸುಮಾರು 150 ಡಿಗ್ರಿ ಶಾಖಕ್ಕೆ ಕರಗುತ್ತದೆ. ಬಿಗಿಯಾದ ಲೈನಿಗೆ ಇನ್ನೊಂದು ದಾರ ಉಜ್ಜಿದರೆ ಆ ಬಿಸಿಗೇ ಕತ್ತರಿಸಿಹೋಗಬಹುದು. ಅದೇ ಬಿಗಿ ಲೈನ್ ಯಾರದಾದರೂ ಕುತ್ತಿಗೆಗೆ ತಾಗಿದರೆ ಏನಾದೀತು ಯೋಚಿಸಿ. ಲೈನನ್ನು ಕೈಗೆ, ಬೆರಳಿಗೆ ಎಂದೂ ಸುತ್ತಿಕೊಳ್ಳಬೇಡಿ.

ಗೋವಾದಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಹಾರಿಸುವುದು?

ಉತ್ತರದ ಪೆಡ್ನೆ ತಾಲೂಕಿನ ದಂಡೆಗಳು ಅಗಲವಾಗಿವೆ. ಮೋರ್ಜಿಮ್, ಅಶ್ವೇಮ್, ಮಾಂದ್ರೆಮ್. ಕೈಟ್‌ಸರ್ಫಿಂಗ್ ಕಲಿಸುವುದೂ ಹೆಚ್ಚಾಗಿ ಈ ಕಡೆಯೇ. ಕಲಂಗುಟ್, ಬಾಗಾ ಜನಜಂಗುಳಿ. ಅಲ್ಲಿ ಬಿಚ್ಚಲೇಬೇಡಿ. ದಾಬೋಲಿಮ್ ವಿಮಾನ ನಿಲ್ದಾಣದ ಸುತ್ತಲಿನ ದಂಡೆಗಳಲ್ಲೂ ಬೇಡ, ಅದು ನೌಕಾಪಡೆಯ ಜಾಗವೂ ಹೌದು.

ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ಆಗ ಕೈತಪ್ಪಿದ ಕೈಟ್ ನೀರಿಗೆ ಹೋಗುತ್ತದೆ. ಬಾಯಿ ತೆರೆದ ಫಾಯಿಲ್ ನೀರು ಕುಡಿದರೆ ಗೋಣಿಚೀಲದಷ್ಟು ಭಾರ. ನಡುಹಗಲಿಗೆ ಗಾಳಿ ನಿಲ್ಲುತ್ತದೆ. ಆಮೇಲೆ ನೆಲ ಕಾದು ವಾಯವ್ಯದಿಂದ ಕಡಲ ಗಾಳಿ ಶುರುವಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದು ಚೆನ್ನಾಗಿ ಬರುತ್ತದೆ, ಮೂರು ನಾಲ್ಕು ಗಂಟೆಗೆ ಜೋರು. ಹೊಸಬರು ಅದು ಶುರುವಾಗುವ ಮೊದಲ ಗಂಟೆ ಹಿಡಿಯಿರಿ, ಅಥವಾ ಸಂಜೆ ಅದು ಇಳಿಯುವ ಹೊತ್ತು.

ನೀವು ನಿಂತ ಜಾಗದಿಂದ ಗಾಳಿ ಹೋಗುವ ದಿಕ್ಕಿನಲ್ಲಿ ಲೈನಿನ ಎರಡು ಪಟ್ಟು ಉದ್ದ ಖಾಲಿ ಇರಬೇಕು. ಲೈನ್ 20 ಮೀಟರ್ ಇದ್ದರೆ 40 ಮೀಟರ್. ತೆಂಗಿನ ಸಾಲಿನ ಮರೆಯಲ್ಲಿ ನಿಲ್ಲಬೇಡಿ, ಅಲ್ಲಿ ಗಾಳಿ ಸುಳಿಯುತ್ತದೆ. ರಂಪಣಿ ಬಲೆ ಎಳೆಯುವವರು ಬಂದರೆ ಕೈಟ್ ಇಳಿಸಿ ಕೂತುಬಿಡಿ. ಅದು ಅವರ ದುಡಿಮೆ, ದಂಡೆಯ ಮೇಲೆ ಮೊದಲ ಹಕ್ಕು ಅವರದು. ಮೋರ್ಜಿಮ್‌ಗೆ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಜಾಗದಿಂದ ದೂರ ಇರಿ.

ಮಳೆಗಾಲದಲ್ಲಿ ಗಾಳಿ ಜಾಸ್ತಿ ಅಲ್ವಾ? ಆಗ ಅಭ್ಯಾಸ ಮಾಡಲಾ?

ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಒಂದು ಹದಕ್ಕೆ ಇರುವುದಿಲ್ಲ. ಮೋಡ ಬಂದರೆ ನಿಮಿಷದಲ್ಲಿ ದುಪ್ಪಟ್ಟು. ಗುಡುಗು ಕೇಳಿಸಿದರೆ ಒದ್ದೆ ಲೈನ್ ಹಿಡಿದು ನಿಲ್ಲುವ ಮಾತೇ ಇಲ್ಲ.

ಮೊದಲ ದಿನ ಏನು ಮಾಡಲಿ?

ಗಾಳಿಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಅಗಲಿಸಿ. ಎದುರಿಗೆ ದೊಡ್ಡ ಗಡಿಯಾರ ಇದೆ ಅಂದುಕೊಳ್ಳಿ. ಎಡಗೈ ತುದಿ 9, ನೆತ್ತಿ 12, ಬಲಗೈ ತುದಿ 3. ಈ ಅಂಚಿನುದ್ದಕ್ಕೂ ಕೈಟ್ ಸೌಮ್ಯ. ನಡುವೆ, ನಿಮ್ಮ ಎದೆಯ ನೇರಕ್ಕೆ ಬಂದಾಗ ಉಗ್ರ.

ಮೊದಲ ಅರ್ಧ ಗಂಟೆ 12ರಲ್ಲಿ ನಿಲ್ಲಿಸುವುದಷ್ಟೇ. ಆಮೇಲೆ 11 ಮತ್ತು 1ರ ನಡುವೆ ನಿಧಾನಕ್ಕೆ ಓಡಾಡಿಸಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ, ಏನೂ ತೊಂದರೆ ಇಲ್ಲದಿದ್ದರೂ, ಬಾರ್ ಬಿಡಿ. ಜೊತೆಗೆ ಬಂದವರು "ಬಿಡು" ಅಂತ ಕೂಗಲಿ, ನೀವು ಆ ಕ್ಷಣ ಬಿಡಬೇಕು. ಅಕ್ಕನ ಮಗನಿಗೆ ನಾನು ಹೀಗೇ ಕಲಿಸಿದೆ. ಮೊದಲ ಸಲ ಅವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು, ಕಿರುಬೆರಳು ಕೊನೆಗೆ. ಮೂರನೇ ದಿನ ನಾನು ಬಾಯಿ ತೆರೆಯುವಷ್ಟರಲ್ಲಿ ಬಾರ್ ಮರಳಿನ ಮೇಲಿತ್ತು.

ಕೈಟ್ ನೋಡದೆ ಹಾರಿಸಲು ಬಂದರೆ, ಒಂದೇ ಕೈಯಲ್ಲಿ ನಿಲ್ಲಿಸಲು ಬಂದರೆ, ಹಾರಿಸುತ್ತಲೇ ದಂಡೆಯುದ್ದಕ್ಕೂ ನಡೆಯಲು ಬಂದರೆ ಕ್ಲಾಸಿಗೆ ಹೆಸರು ಕೊಡಿ.

ನನ್ನ ತೋಳಲ್ಲಿ ಅಷ್ಟು ಬಲ ಇಲ್ಲ. ಹೆಂಗಸರಿಗೆ ಆಗುತ್ತದಾ?

ಆಗುತ್ತದೆ. ನೀರಿನಲ್ಲಿ ಎಳೆತ ಹೊರುವುದು ಸೊಂಟಕ್ಕೆ ಕಟ್ಟುವ ಹಾರ್ನೆಸ್. ಕೈಗೆ ಇರುವುದು ತಿರುಗಿಸುವ ಕೆಲಸ ಮಾತ್ರ. 2024ರ ಒಲಿಂಪಿಕ್ಸ್‌ನಲ್ಲಿ ಮಾರ್ಸೇಯ ಸಮುದ್ರದಲ್ಲಿ ಕೈಟ್ ಸ್ಪರ್ಧೆ ಮೊದಲ ಸಲ ನಡೆದಾಗ ಗಂಡಸರಿಗೂ ಹೆಂಗಸರಿಗೂ ಒಂದೊಂದು ಪದಕ ಸ್ಪರ್ಧೆ ಇತ್ತು. ನಾನು ನೋಡಿದಂತೆ, ಬಲ ಇಲ್ಲ ಅಂದುಕೊಂಡವರು ಮೆತ್ತಗೆ ಹಿಡಿಯುತ್ತಾರೆ, ಅದಕ್ಕೇ ಬೇಗ ಕಲಿಯುತ್ತಾರೆ. ಮಕ್ಕಳಿಗೆ 1.5 ಮೀಟರ್ ಮೀರಬೇಡಿ, ಮತ್ತು ಹಿಂದೆ ದೊಡ್ಡವರು ಒಬ್ಬರು ನಿಂತಿರಲಿ.

ಈಜು ಬರದಿದ್ದರೆ?

ಟ್ರೈನರ್ ಹಾರಿಸಿ, ತೊಂದರೆ ಇಲ್ಲ. ಕೈಟ್‌ಸರ್ಫಿಂಗ್‌ಗೆ ಮೊದಲು ಈಜು ಕಲಿಯಿರಿ. ಲೈಫ್ ಜಾಕೆಟ್ ಈಜಿಗೆ ಬದಲಲ್ಲ.

ಮನೆಗೆ ತಂದ ಮೇಲೆ ಹೇಗೆ ಇಡುವುದು?

ಬಿಸಿಲಲ್ಲಿ ಒಣಗಿಸಬೇಡಿ, ನೆರಳಲ್ಲಿ ಹರಡಿ. ಉಪ್ಪುನೀರು ತಾಗಿದ್ದರೆ ಸಿಹಿನೀರಿನಲ್ಲಿ ಜಾಲಿಸಿ, ಸೋಪು ಬೇಡ. ಚೀಲಗಳೊಳಗೆ ಮರಳು ಕೂತಿರುತ್ತದೆ. ಹಿಂದಿನ ಅಂಚು ಹಿಡಿದು, ಬಾಯಿ ಕೆಳಗೆ ಮಾಡಿ, ಅಕ್ಕಿ ಮೂಟೆ ಕೊಡವಿದ ಹಾಗೆ ಕೊಡವಿ. ಲೈನನ್ನು ಬಾರಿಗೆ ಎಂಟರ ಆಕಾರದಲ್ಲಿ ಸುತ್ತಿ. ಒಂದೇ ಕಡೆ ಸುತ್ತಿದರೆ ಮುಂದಿನ ಸಲ ಬಿಚ್ಚುವಾಗ ತಿರುಚಿಕೊಳ್ಳುತ್ತದೆ. ಕೈಟಿನಿಂದ ಲೈನ್ ಬಿಚ್ಚಿಡುವುದಾದರೆ ಎಡದ ಕುಣಿಕೆಗೆ ಕೆಂಪು ದಾರದ ತುಂಡೊಂದು ಕಟ್ಟಿಡಿ. ಮತ್ತೆ ಸಿಕ್ಕಿಸುವಾಗ ಎಡಬಲ ಅದಲುಬದಲಾದರೆ ಬಲಕ್ಕೆ ಜಗ್ಗಿದ ಕೈಟ್ ಎಡಕ್ಕೆ ಓಡುತ್ತದೆ.